‘ಯಾವ ಬೀದಿ ಮಗಾ ನೀನು?’

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಗುರುತಿಲ್ಲದ ಮಗು ಎದುರಾದರೆ ಹಿರಿಯರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಇದೇ: ‘ಯಾರ ಮಗ್ಳವ್ವ ನೀನು? ಯಾವ ಬೀದಿ?’ ಕೇಳುವವರ ದನಿಯಲ್ಲಿ ಅಕ್ಕರೆಯೇ ಇರುತ್ತದೆ. ಆದರೆ ನಾಯಕರ ಬೀದಿ, ಉಪ್ಪಾರರ ಬೀದಿ, ಲಿಂಗಾಯತರ ಬೀದಿ, ಅಂಬೇಡ್ಕರ್ ಬೀದಿ ಎಂದು ಮಗು ಉತ್ತರ ಕೊಟ್ಟ ಕೂಡಲೇ ಅದನ್ನು ಜಗುಲಿಗೆ ಕರೆಯಬೇಕೋ, ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಬೇಕೋ ಎಂಬುದೂ ತೀರ್ಮಾನವಾಗಿರುತ್ತದೆ. ಅಕ್ಷರ ತಿದ್ದುವ ಮೊದಲೇ ಮಗು ಈ ಪಾಠ ಕಲಿತು ಶಾಲೆಗೆ ಬರುತ್ತದೆ.

ಹಾಗಾಗಿ ‘ಪುಟ್ಟ ಮಕ್ಕಳಿಗೆ ಜಾತಿಗೀತಿ ಏನು ಗೊತ್ತು, ನಾವೇ ಯಾಕೆ ಅವರ ತಲೆಗೆ ತುಂಬಬೇಕು’ ಎನ್ನುವ ಶಿಕ್ಷಕರ ಮಾತನ್ನು ನಾನು ಒಪ್ಪಲಾರೆ. ಯಾರ ಮನೆಯಲ್ಲಿ ನೀರನ್ನು ಲೋಟದಲ್ಲಿ ಕೊಡುತ್ತಾರೆ, ಯಾರ ಮನೆಯಲ್ಲಿ ಬೊಗಸೆಗೆ ಮೇಲಿನಿಂದ ಹುಯ್ಯುತ್ತಾರೆ ಎಂಬುದು ಐದು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಪುಟ್ಟ ಮಕ್ಕಳ ಮುಂದೆ ಬಿಳಿ ಬೊಂಬೆ, ಕಂದು ಬೊಂಬೆ ಇಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಎಂದು ಕೇಳಿದರು. ಕಪ್ಪು ಮಕ್ಕಳಲ್ಲೇ ಹೆಚ್ಚಿನವರು ಬಿಳಿ ಬೊಂಬೆಯನ್ನು ಮೆಚ್ಚಿದರು. ಯಾರೂ ಅವರನ್ನು ಕೂರಿಸಿಕೊಂಡು ಹಾಗೆ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ಆ ಬೊಂಬೆಗಳ ಜಾಗದಲ್ಲಿ ಬೀದಿಗಳಿವೆ. ಮಗು ಕಂಡದ್ದರ ಬಗ್ಗೆ ಶಾಲೆ ಬಾಯಿ ಬಿಡದಿದ್ದರೆ ‘ಲೋಕ ಇರುವುದೇ ಹೀಗೆ, ಇದೇ ಸರಿ’ ಎಂದು ಮಗು ತಿಳಿದುಕೊಳ್ಳುತ್ತದೆ.

ದೊಡ್ಡವರು ಮಾಡುವುದನ್ನು ಮಕ್ಕಳು ನೋಡುತ್ತಲೇ ಇರುತ್ತಾರೆ. 2020ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ ಕಾರಣಕ್ಕೆ ಒಂದು ಕುಟುಂಬಕ್ಕೆ ದಂಡ, ಬಹಿಷ್ಕಾರ ಹಾಕಿದ ಸುದ್ದಿ ನಾಡಿಗೆಲ್ಲ ಹಬ್ಬಿತು. 2022ರ ನವೆಂಬರ್‌ನಲ್ಲಿ ಪಕ್ಕದ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ನೀರನ್ನೆಲ್ಲ ಹರಿಯಬಿಟ್ಟು ಗಂಜಲದಿಂದ ತೊಳೆದರು. 2025ರ ಜೂನ್‌ನಲ್ಲಿ ಅದೇ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಗೆ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದ ಮೇಲೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರೆಂಬ ವರದಿ ಬಂದು, ಅಧಿಕಾರಿಗಳು ಊರಿಗೇ ಹೋಗಿ ಮಾತಾಡಬೇಕಾಯಿತು. ಈ ಊರುಗಳ ಹೆಸರನ್ನು ಅವಕ್ಕೆ ಮಸಿ ಬಳಿಯಲೆಂದು ತೆಗೆಯುತ್ತಿಲ್ಲ. ಹೊರಗೆ ಗೊತ್ತಾದ ಊರುಗಳು ಇವು, ಅಷ್ಟೆ. ಇಂಥ ಕಡೆ ಮಕ್ಕಳೂ ನೋಡುತ್ತಿರುತ್ತಾರೆ ಎಂಬುದನ್ನು ಮರೆಯಬಾರದು ಅಂತಲೇ ಇಲ್ಲಿ ಬರೆದೆ.

ಮುಂದಿನದು ಅಂಗನವಾಡಿ ಕಾರ್ಯಕರ್ತೆಯರಿಗೆ, ಒಂದರಿಂದ ಐದನೇ ತರಗತಿಯ ಶಿಕ್ಷಕರಿಗೆ, ಆ ವಯಸ್ಸಿನ ಮಕ್ಕಳ ಮನೆಯವರಿಗೆ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ವಿಶೇಷ ಅನುದಾನವೂ ಬೇಡ.

ಪಟ್ಟಿ ಓದುವ ಮೊದಲು

ಮಗುವಿನ ಜಾತಿಯನ್ನು ತರಗತಿಯಲ್ಲಿ ಮೊದಲು ಗಟ್ಟಿಯಾಗಿ ಹೇಳುವುದು ಹೆಚ್ಚಿನ ಸಲ ಶಾಲೆಯೇ. ಎಸ್‌ಎಟಿಎಸ್‌ನಲ್ಲಿ (ವಿದ್ಯಾರ್ಥಿಗಳ ದಾಖಲೆಯ ತಂತ್ರಾಂಶ) ಮಾಹಿತಿ ತುಂಬಬೇಕು, ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಕೊನೆಯ ದಿನಾಂಕ ಹತ್ತಿರ ಬಂದಿದೆ. ಆ ಅವಸರದಲ್ಲಿ ‘ಎಸ್ಸಿ ಎಸ್ಟಿ ಮಕ್ಕಳೆಲ್ಲ ಎದ್ದು ನಿಲ್ರಪ್ಪ’ ಎಂಬ ಮಾತು ಹೊರಬೀಳುತ್ತದೆ. ಶಿಕ್ಷಕರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಮಕ್ಕಳಿಗೆ ದುಡ್ಡು ಬರಲಿ ಎಂದೇ ಅವರು ಓಡಾಡುತ್ತಿರುತ್ತಾರೆ. ಆದರೆ ಎದ್ದು ನಿಂತ ಎಂಟು ವರ್ಷದ ಹುಡುಗಿ ಸುತ್ತ ಕೂತವರ ಮುಖಗಳನ್ನು ನೋಡುತ್ತಾಳೆ. ಕೂತವರೂ ಅವಳನ್ನು ನೋಡುತ್ತಾರೆ. ಅಲ್ಲಿಯವರೆಗೆ ಬೀದಿಯಲ್ಲಿ ಪಿಸುಮಾತಾಗಿದ್ದದ್ದಕ್ಕೆ ಮೇಷ್ಟರ ಒಪ್ಪಿಗೆಯೂ ಸಿಕ್ಕಿತು.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಜಾತಿ ಬೇಕಾದ ಯಾವ ಕೆಲಸವನ್ನೂ ಮಕ್ಕಳ ಮೂಲಕ ಮಾಡಿಸಬೇಡಿ. ಪ್ರಮಾಣಪತ್ರ ಕೇಳುವ ಚೀಟಿಯನ್ನು ತರಗತಿಯ ಎಲ್ಲ ಮಕ್ಕಳ ಕೈಗೂ ಒಂದೇ ತರಹ ಕೊಟ್ಟು ಕಳುಹಿಸಿ, ಅನ್ವಯವಾಗುವವರು ತಂದುಕೊಡುತ್ತಾರೆ. ಉಳಿದ ಮಾತನ್ನು ಅಪ್ಪ ಅವ್ವನಿಗೆ ಫೋನಿನಲ್ಲಿ ಹೇಳಿ. ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಫಲಾನುಭವಿಗಳ ಪಟ್ಟಿ ಹಾಕುವ ರೂಢಿಯನ್ನು ಇವತ್ತೇ ನಿಲ್ಲಿಸಿ. ಶಿಕ್ಷಕರ ಕೊಠಡಿಯಲ್ಲಿ ಒಬ್ಬರಿಗೊಬ್ಬರು ಮಾತಾಡುವಾಗಲೂ ‘ಆ ಕಾಲೋನಿ ಹುಡುಗ’ ಎನ್ನಬೇಡಿ. ಬಾಗಿಲಾಚೆ ನಿಂತು ಕೇಳಿಸಿಕೊಳ್ಳುವ ಮಕ್ಕಳಿರುತ್ತಾರೆ.

ಕರೆಯುವಾಗ ಹೆಸರು ಹಿಡಿದೇ ಕರೆಯಿರಿ, ಅದೂ ಮನೆಯವರು ಕರೆಯುವ ಉಚ್ಚಾರದಲ್ಲಿ. ‘ಕರಿಯ’, ‘ಕುಳ್ಳ’, ‘ಸಾಬಿ’ ಎಂಬ ಅಡ್ಡಹೆಸರುಗಳನ್ನು ಮಕ್ಕಳು ಕೂಗಿದಾಗ ನಕ್ಕು ಸುಮ್ಮನಾಗಬೇಡಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯಲು ಬಂದ ಬಿಹಾರ, ಒಡಿಶಾ, ಅಸ್ಸಾಂ ಕುಟುಂಬಗಳ ಮಕ್ಕಳು ನಮ್ಮ ಶಾಲೆಗಳಿಗೆ ಸೇರುವಾಗ ಅವರ ಹೆಸರು ನಾಲಿಗೆಗೆ ಹೊರಳದೆ ‘ಏಯ್ ಹಿಂದಿ’ ಎಂದು ಕರೆಯುವುದುಂಟು. ಹೆಸರು ಸರಿಯಾಗಿ ಹೇಳಲು ಬರುವವರೆಗೆ ಆ ಮಗುವಿನ ಬಾಯಿಂದಲೇ ಕೇಳಿ ಕಲಿಯಿರಿ. ಈಶಾನ್ಯ ರಾಜ್ಯಗಳ ಜನರನ್ನು 2020ರಲ್ಲಿ ‘ಕೊರೊನಾ’ ಎಂದು ಹಂಗಿಸಿದಾಗ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಸೂಚನೆ ಕಳುಹಿಸಬೇಕಾಯಿತು. ಅದೇ ವಸಂತದಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಿಗೆ ಸೋಂಕು ಹಬ್ಬಿ, ನಂಜನಗೂಡು ಎಂಬ ಹೆಸರೇ ಸುತ್ತಮುತ್ತಲಿನವರಲ್ಲಿ ಅಂಜಿಕೆ ಹುಟ್ಟಿಸಿತ್ತು. ಊರಿನ ಹೆಸರಿಗೇ ಮೈಲಿಗೆ ಅಂಟಿಸಿದಾಗ ಹೇಗಾಗುತ್ತದೆ ಎಂಬುದು ಇಲ್ಲಿನ ಪೋಷಕರಿಗೆ ಗೊತ್ತು. ಪೋಷಕರ ಸಭೆಯಲ್ಲಿ ಈ ಮಾತು ಎತ್ತಿ ನೋಡಿ.

ಮಗುವಿನ ಮನೆಮಾತೂ ಅದರ ಗುರುತೇ. ‘ಹೋಯ್ತದ, ಬತ್ತದ, ಅವ್ವ ಬಯ್ತದ’ ಎನ್ನುವ ಮಗುವಿಗೆ ‘ಸರಿಯಾಗಿ ಮಾತಾಡು’ ಎಂದು ಗದರುವ ಮೊದಲು ಒಂದು ಸಂಗತಿ ನೆನಪಿರಲಿ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಈ ಸೀಮೆಯ ಮಾತಿನಲ್ಲೇ ಬಂದ ಕೃತಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗ್ರಾಂಥಿಕ ಕನ್ನಡವನ್ನು ಕಲಿಸಲೇಬೇಕು, ಆದರೆ ಮನೆಯ ಮಾತನ್ನು ಕೀಳು ಮಾಡಿ ಕಲಿಸಬೇಕಾಗಿಲ್ಲ.

ತಟ್ಟೆ, ಪಂಕ್ತಿ, ಪೊರಕೆ

ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ಕಲಿಕಾ ಪದ್ಧತಿ ಹುಟ್ಟಿದ್ದು 1995ರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅದರಲ್ಲಿ ಮಕ್ಕಳು ಸಾಲುಸಾಲಾಗಿ ಕೂರದೆ ‘ತಟ್ಟೆ’ಗಳಲ್ಲಿ ಗುಂಪಾಗಿ ಕೂರುತ್ತಾರೆ, ಕಲಿಕೆ ಮುಂದೆ ಹೋದಂತೆ ತಟ್ಟೆ ಬದಲಾಗುತ್ತದೆ. ಜಾತಿಯ ಗೋಡೆ ಒಡೆಯಲು ಇದಕ್ಕಿಂತ ಸಲೀಸಾದ ವ್ಯವಸ್ಥೆ ಬೇರೆ ಶಾಲೆಗಳಿಗೆ ಸಿಕ್ಕುವುದು ಕಷ್ಟ. ಆದರೂ ‘ಅವ್ರು ಯಾವಾಗ್ಲೂ ಜೊತೇಲೇ ಬರೋರು, ಕೂತ್ಕೊಳ್ಳಿ ಬಿಡಿ’ ಎಂದು ಒಂದೇ ಬೀದಿಯ ಮಕ್ಕಳನ್ನು ಒಟ್ಟಿಗೆ ಬಿಟ್ಟುಬಿಡುತ್ತೇವೆ. ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆಯಲ್ಲಂತೂ ಯಾರು ಯಾರಿಗೆ ಹೇಳಿಕೊಡುತ್ತಾರೆ ಎಂಬುದರ ಮೇಲೆ ಕಣ್ಣಿರಲಿ. ಅಂಬೇಡ್ಕರ್ ಬೀದಿಯ ಹುಡುಗಿ ಮೇಲಿನ ಬೀದಿಯ ಹುಡುಗನಿಗೆ ಕೂಡುವ ಲೆಕ್ಕ ಹೇಳಿಕೊಡುವ ದಿನಗಳು ವಾರದಲ್ಲಿ ಕೆಲವಾದರೂ ಇರಬೇಕು. ಸಹಾಯ ಯಾವಾಗಲೂ ಒಂದೇ ದಿಕ್ಕಿನಿಂದ ಬರುತ್ತಿದ್ದರೆ ಅದೂ ಮೇಲು ಕೀಳನ್ನೇ ಕಲಿಸುತ್ತದೆ.

ಊಟದ ಹೊತ್ತು ಎಲ್ಲಕ್ಕಿಂತ ಮುಖ್ಯ. ಅಕ್ಷರ ದಾಸೋಹದ ಅನ್ನ ಸಾರಿನ ಮುಂದೆ ಮಕ್ಕಳು ಹೇಗೆ ಕೂರುತ್ತಾರೆ ಎಂದು ಒಂದು ವಾರ ಸುಮ್ಮನೆ ನಿಂತು ನೋಡಿ. ಯಾರು ಮನೆಯಿಂದ ಡಬ್ಬಿ ತರುತ್ತಾರೆ, ಯಾರು ತಟ್ಟೆ ಹಿಡಿದು ಗೋಡೆಯ ಪಕ್ಕಕ್ಕೆ ಸರಿಯುತ್ತಾರೆ, ಯಾರ ತಟ್ಟೆಯನ್ನು ಯಾರು ಮುಟ್ಟುವುದಿಲ್ಲ, ಎಲ್ಲ ಕಣ್ಣಿಗೆ ಬೀಳುತ್ತದೆ. ಮೊಟ್ಟೆ ಕೊಡುವ ದಿನ ಬಡಿಸಲು ಅನುಕೂಲವೆಂದು ಮೊಟ್ಟೆಯವರದೊಂದು ಸಾಲು, ಬಾಳೆಹಣ್ಣಿನವರದೊಂದು ಸಾಲು ಮಾಡುವ ರೂಢಿ ಇದೆ. ಎರಡು ತಿಂಗಳಲ್ಲಿ ಅವು ಜಾತಿಯ ಸಾಲುಗಳಾಗಿ ಗಟ್ಟಿಯಾಗುತ್ತವೆ. ಬೆಳಗ್ಗೆ ಹಾಜರಿ ಹಾಕುವಾಗಲೇ ಯಾರಿಗೆ ಏನು ಬೇಕೆಂದು ಕೇಳಿ ಬರೆದುಕೊಂಡು, ಕೂರುವಾಗ ಒಂದೇ ಸಾಲಿನಲ್ಲಿ ಬೆರೆತು ಕೂರಿಸಿ. ಮೊಟ್ಟೆ ತಿನ್ನುವ ಮಗುವೂ ಹಣ್ಣು ತಿನ್ನುವ ಮಗುವೂ ತನ್ನ ಊಟದ ಬಗ್ಗೆ ನಾಚಬಾರದು. ಶಿಕ್ಷಕರು ಅದೇ ಸಾಲಿನಲ್ಲಿ ಕೂತು ಅದೇ ಅಡುಗೆಯವರ ಕೈಯೂಟ ಉಂಡರೆ ಬೇರೆ ಪಾಠವೇ ಬೇಡ. ಅಡುಗೆಯ ಅಮ್ಮನನ್ನು ‘ಅಕ್ಕ’ ಎಂದು ಮಕ್ಕಳು ಕರೆಯಲಿ. ಊಟದ ಬಳಿಕ ‘ಸಾರು ಚೆನ್ನಾಗಿತ್ತಕ್ಕ’ ಎಂದು ಹೇಳುವ ಪಾಳಿ ದಿನಕ್ಕೊಂದು ಮಗುವಿಗೆ ಬರಲಿ.

ಮನೆಯವರು ತಕರಾರು ತೆಗೆದರೆ ಹೇಳಲು ನಮ್ಮ ಸೀಮೆಯಲ್ಲೇ ಒಂದು ಉದಾಹರಣೆ ಇದೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆಗೆ ನಂಜನಗೂಡು, ನರಸೀಪುರದ ಕಡೆಯಿಂದಲೂ ಜನ ಹೋಗುತ್ತಾರೆ. ಅಲ್ಲಿನ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ‘ಸಿದ್ದಪ್ಪಾಜಿ ಮುಂದೆ ಕೂತು ಉಂಡಿದ್ದೀರಲ್ಲ ಗೌಡ್ರೆ, ಸರಸ್ವತಿ ಮುಂದೆ ಯಾಕೆ ಆಗಲ್ಲ?’ ಎಂದು ಕೇಳಬಹುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ ಎಂದು ಹೇಳುವುದೂ ಅಗತ್ಯವೇ, ಆದರೆ ಅಜ್ಜಿ ತಾತಂದಿರ ಮನಸ್ಸು ಕರಗುವುದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಹಾಡಿಗೆ.

ಇನ್ನು ಪೊರಕೆಯ ವಿಷಯ. ಶಾಲೆಯ ಅಂಗಳ ಗುಡಿಸುವುದು, ನೀರು ತುಂಬಿಸುವುದು ಮಕ್ಕಳು ಕಲಿಯಬೇಕಾದ ಕೆಲಸಗಳೇ. ಆದರೆ ಪಾಳಿಯ ಪಟ್ಟಿ ಗೋಡೆಯ ಮೇಲಿರಲಿ, ಹಾಜರಿ ಪುಸ್ತಕದ ಕ್ರಮದಲ್ಲಿ, ಹುಡುಗ ಹುಡುಗಿ ಎನ್ನದೆ ಎಲ್ಲರ ಹೆಸರೂ ಬರಲಿ. ‘ಯಾರಾದ್ರೂ ಬರ್ರಪ್ಪ’ ಎಂದು ಕರೆದರೆ ಪ್ರತಿ ಸಲ ಅದೇ ಮಕ್ಕಳು ಏಳುತ್ತಾರೆ. ಶೌಚಾಲಯ ತೊಳೆಯುವ ಕೆಲಸವನ್ನು ಯಾವ ಮಗುವಿನ ಕೈಯಲ್ಲೂ ಮಾಡಿಸಬಾರದು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣದಲ್ಲಿ ಬಂಧನಗಳೇ ಆದವು.

ಮೈಬಣ್ಣದ ಮಾತು

ಜಾತಿಯ ಮಾತಿಗೆ ಹಿಂಜರಿಯುವ ಶಿಕ್ಷಕರು ಬಣ್ಣದಿಂದ ಶುರು ಮಾಡಬಹುದು. ವಾರ್ಷಿಕೋತ್ಸವದ ನಾಟಕದಲ್ಲಿ ರಾಕ್ಷಸನ ಪಾತ್ರಕ್ಕೆ ಯಾರನ್ನು ಆರಿಸಿದ್ದೀರಿ, ಭಾರತಮಾತೆಯ ಪಾತ್ರಕ್ಕೆ ಯಾರನ್ನು, ನೆನಪು ಮಾಡಿಕೊಳ್ಳಿ. ಈ ವರ್ಷ ಚೀಟಿ ಎತ್ತಿ ಪಾತ್ರ ಹಂಚಿ. ಕಪ್ಪಗಿರುವ ಹುಡುಗಿಗೆ ರಾಣಿಯ ಪಾತ್ರ ಬಂದಾಗ ಮುಖಕ್ಕೆ ಪೌಡರು ಮೆತ್ತಿ ಬೆಳ್ಳಗೆ ಮಾಡಬೇಡಿ.

ಚಿತ್ರ ಬಿಡಿಸುವ ಅವಧಿಯಲ್ಲಿ ಮಕ್ಕಳು ಮನುಷ್ಯರಿಗೆಲ್ಲ ತಿಳಿ ಗುಲಾಬಿ ಬಣ್ಣವನ್ನೇ ತುಂಬುತ್ತಾರೆ, ಪೆಟ್ಟಿಗೆಯಲ್ಲಿ ಅದೇ ‘ಮೈಬಣ್ಣ’ ಎಂದು ಹೇಳಿಕೊಟ್ಟಿರುತ್ತೇವೆ. ಒಂದು ದಿನ ಪೆಟ್ಟಿಗೆ ಮುಚ್ಚಿಟ್ಟು ಮಣ್ಣು ತರಿಸಿ: ಹೊಲದ ಎರೆಮಣ್ಣು, ಕೆಮ್ಮಣ್ಣು, ತಲಕಾಡಿನ ಕಡೆಯವರಾದರೆ ಹೊಳೆಯ ಮರಳು. ನೀರು, ಅಂಟು ಬೆರೆಸಿ ತಮ್ಮ ತಮ್ಮ ಕೈಯ ಬಣ್ಣ ಬರುವವರೆಗೆ ಕಲೆಸಲಿ. ಯಾರದೂ ಪೂರಾ ಬಿಳಿ ಇಲ್ಲ, ಪೂರಾ ಕಪ್ಪೂ ಇಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಚರ್ಮದಲ್ಲಿ ಮೆಲನಿನ್ ಎಂಬ ವಸ್ತು ಇದೆ, ಅದು ಹೆಚ್ಚಿದ್ದರೆ ಬಣ್ಣ ಗಾಢ, ಅದು ಬಿಸಿಲಿನಿಂದ ಮೈ ಕಾಯುತ್ತದೆ ಎಂಬಷ್ಟು ವಿಜ್ಞಾನ ಮೂರನೇ ತರಗತಿಗೆ ಸಾಕು. ಆಮೇಲೆ ಭೂಪಟದಲ್ಲಿ ಯಲ್ಲಾಪುರ, ಹಳಿಯಾಳ ತೋರಿಸಿ ಸಿದ್ದಿಗಳ ಕಥೆ ಹೇಳಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ತಂದವರ ಸಂತತಿಯವರು ಅವರು. ಕನ್ನಡ, ಕೊಂಕಣಿ ಆಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗುಂಗುರು ಕೂದಲಿನ, ಗಾಢ ಬಣ್ಣದ ಕನ್ನಡಿಗರೂ ಇದ್ದಾರೆ ಎಂಬುದು ಎಷ್ಟೋ ಮಕ್ಕಳಿಗೆ ಸೋಜಿಗದ ಸುದ್ದಿ.

ಒಂದು ಆಟವನ್ನು ಮಾತ್ರ ಆಡಿಸಬೇಡಿ. 1968ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಶಿಕ್ಷಕಿ ಜೇನ್ ಎಲಿಯಟ್ ತಮ್ಮ ಮೂರನೇ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಎರಡು ಪಾಲು ಮಾಡಿ, ಒಂದು ದಿನ ಒಬ್ಬರನ್ನು ಮೇಲು, ಮರುದಿನ ಇನ್ನೊಬ್ಬರನ್ನು ಮೇಲು ಮಾಡಿದ್ದು ಪ್ರಸಿದ್ಧ. ತರಬೇತಿಗಳಲ್ಲಿ ಇದನ್ನು ಹೊಗಳುವುದುಂಟು. ನಮ್ಮ ತರಗತಿಗಳಲ್ಲಿ ದಿನವೂ ಕೀಳು ಮಾತು ಕೇಳುವ ಮಕ್ಕಳು ಇರುವಾಗ ಅವಮಾನವನ್ನು ಆಟವಾಗಿ ಇನ್ನೊಮ್ಮೆ ಉಣಿಸುವ ಹಕ್ಕು ನಮಗಿಲ್ಲ.

ಮಗು ಬಾಯಿಬಿಟ್ಟು ಕೇಳಿದಾಗ

‘ಮಿಸ್, ಅವಳ ಜೊತ ಕೂತ್ಕಬ್ಯಾಡ ಅಂತ ನಮ್ಮವ್ವ ಅಂದದ.’ ಇಂಥ ಮಾತು ಬಂದಾಗ ಶಿಕ್ಷಕರಿಗೆ ಸಿಟ್ಟು ಬರುವುದು ಸಹಜ. ಆದರೆ ತಾಯಿಯನ್ನು ಎಲ್ಲರೆದುರು ಬಯ್ದರೆ ಮಗು ಮುಂದೆ ಏನನ್ನೂ ಹೇಳುವುದಿಲ್ಲ. ಮೊದಲು ನೊಂದ ಮಗುವಿನ ಕಡೆ ತಿರುಗಿ, ಹತ್ತಿರ ಕೂರಿಸಿಕೊಳ್ಳಿ. ಆಮೇಲೆ ಹೇಳಿದ ಮಗುವಿಗೆ: ‘ಹೇಳಿದ್ದು ಒಳ್ಳೇದಾಯ್ತು ಮಗಾ. ಕೆಲವರು ಹಂಗಂತಾರೆ. ಅದು ಸರಿಯಲ್ಲ. ಇಲ್ಲಿ ಎಲ್ರೂ ಎಲ್ಲರ ಪಕ್ಕ ಕೂರ್ತಾರೆ, ನಾನೂ ಕೂರ್ತೀನಿ.’ ಇಷ್ಟೇ ಸಾಕು. ‘ಸಾರಿ ಕೇಳು’ ಎಂದು ಬಲವಂತ ಮಾಡಿದರೆ ನೊಂದ ಮಗುವಿಗೇ ಮುಜುಗರ ಹೆಚ್ಚು. ಸಂಜೆ ಆ ತಾಯಿಯನ್ನು ಒಬ್ಬರೇ ಇದ್ದಾಗ ಕಂಡು ಮಾತಾಡಿ.

‘ಜಾತಿ ಅಂದ್ರೆ ಏನು ಮಿಸ್?’ ಎಂದು ಎರಡನೇ ತರಗತಿಯವರು ಕೇಳಿದರೆ ‘ಅದೆಲ್ಲ ನಿಂಗ್ಯಾಕೆ’ ಎನ್ನಬೇಡಿ. ‘ಹಿಂದಿನ ಕಾಲದಲ್ಲಿ ಹುಟ್ಟಿದ ಮನೆ ನೋಡಿ ಇವರು ದೊಡ್ಡವರು, ಅವರು ಚಿಕ್ಕವರು ಅಂತ ಜನ ಮಾಡಿಕೊಂಡ ಕಟ್ಟು. ಕೆಲವರು ಈಗಲೂ ಪಾಲಿಸುತ್ತಾರೆ. ಅದನ್ನು ಪಾಲಿಸಿ ಯಾರನ್ನಾದರೂ ನೋಯಿಸುವುದು ತಪ್ಪು, ಕಾನೂನಿಗೂ ವಿರುದ್ಧ.’ ಏಳು ವರ್ಷಕ್ಕೆ ಇಷ್ಟು ಅರ್ಥವಾಗುತ್ತದೆ. ನಾಲ್ಕು, ಐದನೇ ತರಗತಿಗೆ ಅಂಬೇಡ್ಕರ್ ಬಾಲ್ಯದ ಕಥೆ ಹೇಳಬಹುದು. ಕೂರಲು ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿದ್ದ, ನೀರಿಗಾಗಿ ಜವಾನನ ದಾರಿ ಕಾಯಬೇಕಿದ್ದ ಹುಡುಗ ಅವರು. ಏಪ್ರಿಲ್ 14ರ ಜಯಂತಿ ನಮ್ಮ ಶಾಲೆಗಳಿಗೆ ಬೇಸಿಗೆ ರಜೆಯಲ್ಲಿ ಬರುತ್ತದೆ, ಬಸವ ಜಯಂತಿಯೂ ಹಾಗೆಯೇ. ಮಕ್ಕಳೇ ಇಲ್ಲದೆ ಪಟಕ್ಕೆ ಹಾರ ಹಾಕಿ ಮುಗಿಸುವ ಬದಲು ನವೆಂಬರ್ 26ರ ಸಂವಿಧಾನ ದಿನದ ವಾರವನ್ನು ಇದಕ್ಕೆ ಇಟ್ಟುಕೊಳ್ಳಿ. ವಾಲ್ಮೀಕಿ ಜಯಂತಿಗೆ ನಾಯಕರ ಮಕ್ಕಳೇ, ಕನಕ ಜಯಂತಿಗೆ ಕುರುಬರ ಮಕ್ಕಳೇ ಭಾಷಣ ಮಾಡಬೇಕೆಂಬ ಅಲಿಖಿತ ನಿಯಮವನ್ನು ಅದಲುಬದಲು ಮಾಡಿ. ನಂಜುಂಡೇಶ್ವರನಿಗೆ ಹರಕೆ ಹೊತ್ತು ಆನೆಯ ಕಣ್ಣು ವಾಸಿಯಾದಾಗ ಟಿಪ್ಪು ಪಚ್ಚೆ ಲಿಂಗ ಕೊಟ್ಟ, ದೇವರು ‘ಹಕೀಂ ನಂಜುಂಡ’ನಾದ ಎಂಬ ಐತಿಹ್ಯವನ್ನು ಮುಸ್ಲಿಂ ಹುಡುಗಿಯೊಬ್ಬಳು ಹೇಳಲಿ.

ಪರಿಸರ ಅಧ್ಯಯನದ ‘ನಮ್ಮ ಊರು’ ಪಾಠದಲ್ಲಿ ಇಡೀ ಊರಿನ ನಕ್ಷೆ ಬಿಡಿಸಲು ಹೇಳಿದರೆ ಬೀದಿಗಳು ಹಾಗೇ ಹಾಳೆಯ ಮೇಲೆ ಇಳಿಯುತ್ತವೆ. ಅದರ ಬದಲು ಪ್ರತಿ ಮಗುವೂ ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಒಂದು ಉದ್ದ ಕಾಗದದಲ್ಲಿ ಬರೆಯಲಿ, ದಾರಿಯ ಮರ, ಗುಡಿ, ಅಂಗಡಿ, ನಾಯಿ ಸಹಿತ. ಎಲ್ಲ ಕಾಗದಗಳನ್ನು ಶಾಲೆಯನ್ನು ನಡುವೆ ಇಟ್ಟು ನೆಲದ ಮೇಲೆ ಜೋಡಿಸಿ. ‘ನೀನು ಇವನ ದಾರಿಯಲ್ಲಿ ಹೋಗಿದ್ದೀಯಾ?’ ಎಂದು ಕೇಳಿ. ಹೋಗಿಲ್ಲ ಎನ್ನುವವರು ಬಹಳ ಇರುತ್ತಾರೆ. ಮಾತು ಅಲ್ಲಿಂದ ಬೆಳೆಯಲಿ. ದಾರಿಯ ಮಾತಿಗೆ ಹತ್ತಿರದಲ್ಲೇ ಒಂದು ಉದಾಹರಣೆಯೂ ಇದೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರವಿದೆ. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಿನ ರಸ್ತೆ ಬಳಕೆ ತಪ್ಪಿ, 2022ರ ಅಕ್ಟೋಬರ್ 2ರಂದು ಎರಡೂ ಕಡೆಯವರು ಕೂಡಿ ಮತ್ತೆ ತೆರೆದರು. ಕೊಲೆಯ ಕಥೆ ಪುಟ್ಟ ಮಕ್ಕಳಿಗೆ ಬೇಡ, ಅದು ಪ್ರೌಢಶಾಲೆಯ ಪಾಠ. ‘ಒಂದು ಊರಲ್ಲಿ ದೊಡ್ಡವರು ಜಗಳವಾಡಿ ದಾರಿ ಬಿಟ್ಟುಬಿಟ್ಟಿದ್ದರು, ಬಹಳ ವರ್ಷದ ಮೇಲೆ ಒಟ್ಟಿಗೆ ತೆರೆದರು’ ಎಂಬುದನ್ನು ಆರು ವರ್ಷದವರಿಗೂ ಹೇಳಬಹುದು.

ಮನೆಯಲ್ಲಿ

ಶಾಲೆಯ ಕೆಲಸ ಉಳಿಯುವುದು ಮಕ್ಕಳು ಒಬ್ಬರ ಮನೆಗೊಬ್ಬರು ಹೋದಾಗ. ಮೇಲಿನ ಬೀದಿಯ ಅಪ್ಪ ಅವ್ವಂದಿರಿಗೆ ನನ್ನ ಕೇಳಿಕೆ ಒಂದೇ: ಹುಟ್ಟುಹಬ್ಬಕ್ಕೆ ಮಗನ ಗೆಳೆಯರನ್ನೆಲ್ಲ ಒಳಮನೆಗೆ ಕರೆಯಿರಿ, ಎಲ್ಲರಿಗೂ ಒಂದೇ ತರಹದ ಲೋಟದಲ್ಲಿ ಕೊಡಿ. ಅವರು ಕರೆದಾಗ ನಿಮ್ಮ ಮಗನನ್ನೂ ಕಳುಹಿಸಿ, ಅಲ್ಲಿ ಊಟ ಮಾಡಿ ಬರಲಿ.

ದಲಿತ ಕುಟುಂಬಗಳಿಗೆ ಹೇಳಲು ನನಗೆ ಸಂಕೋಚ, ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು. ಆದರೂ ಮಗು ಶಾಲೆಗೆ ಹೋಗುವ ಮೊದಲೇ ಮನೆಯಲ್ಲಿ ಮಾತಾಡಿದ್ದರೆ ಮಗು ಗಟ್ಟಿಯಾಗಿರುತ್ತದೆ. ‘ಯಾರಾದ್ರೂ ನಿನ್ನ ಮುಟ್ಟಬ್ಯಾಡ ಅಂದ್ರೆ ತಪ್ಪು ಅವರದ್ದು, ನಿಂದಲ್ಲ. ಮನೆಗೆ ಬಂದು ನಂಗ ಹೇಳು, ನಾನು ಬಯ್ಯಲ್ಲ’ ಎಂಬುದು ಅದರ ಕಿವಿಯಲ್ಲಿರಲಿ. ಮಗು ಒಮ್ಮೆಲೇ ಊಟ ಬಿಟ್ಟರೆ, ಹೊಟ್ಟೆನೋವೆಂದು ಶಾಲೆ ತಪ್ಪಿಸಿದರೆ, ಸ್ನೇಹಿತರ ಹೆಸರು ಹೇಳುವುದನ್ನು ನಿಲ್ಲಿಸಿದರೆ ಕಾರಣ ಕೆದಕಿ ಕೇಳಿ.

ದೊಡ್ಡವರೇ ಭೇದ ಮಾಡಿದರೆ, ಜಾತಿ ಹಿಡಿದು ಬಯ್ದರೆ, ಬೇರೆ ಕೂರಿಸಿದರೆ ಅದು ಮಕ್ಕಳ ಜಗಳವಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅಸ್ಪೃಶ್ಯತೆಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆ. ದಿನಾಂಕ, ಸಮಯ, ಆಡಿದ ಮಾತು, ಅಲ್ಲಿದ್ದವರು ಯಾರು ಎಂಬುದನ್ನು ಅಂದೇ ಒಂದು ಹಾಳೆಯಲ್ಲಿ ಬರೆದಿಡಿ. ಮುಖ್ಯ ಶಿಕ್ಷಕರಿಗೆ ಕೊಡುವ ದೂರು ಬರವಣಿಗೆಯಲ್ಲಿರಲಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಕ್ಕಾಲು ಪಾಲು ಪೋಷಕರೇ ಇರಬೇಕು, ಹಿಂದುಳಿದ ಗುಂಪುಗಳ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಪಾಲು ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ನಿಮ್ಮ ಶಾಲೆಯ ಸಮಿತಿ ಹಾಗಿದೆಯೇ ಎಂದು ವಿಚಾರಿಸಿ. ಶಾಲೆಯಲ್ಲಿ ಬಗೆಹರಿಯದಿದ್ದರೆ ಬಿಇಒ ಕಚೇರಿ, ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಹೋಗಿ. ಮಕ್ಕಳ ಸಹಾಯವಾಣಿ 1098. ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ ರಾಷ್ಟ್ರೀಯ ಸಹಾಯವಾಣಿ 14566. ಎರಡೂ ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.